ಕುಯ್ಲಿನ ಲೆಕ್ಕಕ್ಕೆ ಸಿ ಮತ್ತು ಪೈಥಾನ್: ಮೊದಲು ಯಾವುದನ್ನು ಕಲಿಯಬೇಕು?

ಪ್ರೋಗ್ರಾಮಿಂಗ್ ಹೊಸದಾಗಿ ಕಲಿಯುವವರು ಪೈಥಾನ್‌ನಿಂದಲೇ ಆರಂಭಿಸಲಿ ಎಂದು ನಾನು ಹೇಳುವುದು ಚಿಕ್ಕಮಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಎಂಟು ಸಾವಿರ ರೂಪಾಯಿ ಕಟ್ಟಿ ಸಿ ಭಾಷೆ ಕಲಿತ ಮೇಲೆ.

ಆಲ್ದೂರಿನ ಸಮೀಪದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನನಗೆ ಬೇಕಾಗಿದ್ದುದು ಚೆರಿಯ (ಕಾಫಿ ಹಣ್ಣಿನ) ಮೂಟೆಗಳ ಸಂಖ್ಯೆಯನ್ನು ತಲಾ 50 ಕಿಲೋದಿಂದ ಗುಣಿಸಿ ಒಟ್ಟು ತೂಕ ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಮಾತ್ರ. ಕೇಂದ್ರದವರು ಕಲಿಸಿದ್ದು ಟರ್ಬೊ ಸಿ ಎಂಬ ಹಳೆಯ ಕಂಪೈಲರ್‌ನಲ್ಲಿ, ಅಂದರೆ ಸಿಯಲ್ಲಿ ಬರೆದುದನ್ನು ಕಂಪ್ಯೂಟರ್ ನಡೆಸುವಂತೆ ಮಾಡುವ ತಂತ್ರಾಂಶದಲ್ಲಿ. 650 ಮೂಟೆಗೆ 32500 ಎಂದು ಸರಿಯಾಗಿಯೇ ಹೇಳಿದ ಪ್ರೋಗ್ರಾಂ, 700 ಮೂಟೆಗೆ 35000 ಎನ್ನುವ ಬದಲು -30536 ಎಂದಿತು. ಸೂತ್ರವನ್ನು ನೋಡಿಕೊಳ್ಳಿ ಎಂದಷ್ಟೇ ಬೋಧಕರು ಹೇಳಿದ್ದರಿಂದ, ತಪ್ಪೇ ಇಲ್ಲದ ಸೂತ್ರವನ್ನು ನಾಲ್ಕು ಸಂಜೆ ತಿದ್ದುತ್ತ ಕುಳಿತೆ.

ಟರ್ಬೊ ಸಿಯಲ್ಲಿ ಇಂಟ್ ಎಂಬ ಪೂರ್ಣಾಂಕಕ್ಕೆ ಸಿಗುವುದು ಎರಡೇ ಬೈಟ್ ಜಾಗ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಅದನ್ನು ಮೀರಿದರೆ ಯಾವ ಎಚ್ಚರಿಕೆಯೂ ಬರದೆ ಲೆಕ್ಕ ಋಣಸಂಖ್ಯೆಗೆ ಹೊರಳುತ್ತದೆ. ಮೊತ್ತವನ್ನು ಮಾತ್ರ ಹೆಚ್ಚು ಜಾಗ ಸಿಗುವ ಲಾಂಗ್ ಎಂದು ಘೋಷಿಸಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಗುಣಾಕಾರ ಅದಕ್ಕೆ ಮೊದಲೇ ಎರಡು ಬೈಟ್‌ನಲ್ಲಿ ಮುಗಿದಿರುತ್ತದೆ; ಮೂಟೆಯ ಸಂಖ್ಯೆಯನ್ನೂ ಲಾಂಗ್ ಮಾಡಿದ ಮೇಲೆಯೇ ಉತ್ತರ ಸರಿಹೋಯಿತು. ಇಂದಿನ ಜಿಸಿಸಿ ಎಂಬ ಸಿ ಕಂಪೈಲರ್‌ನಲ್ಲಿ ಇಂಟ್‌ಗೆ ಸಾಮಾನ್ಯವಾಗಿ ನಾಲ್ಕು ಬೈಟ್ ಇರುವುದರಿಂದ ಈ ಮೊತ್ತಕ್ಕೆ ತೊಂದರೆ ಬರುವುದಿಲ್ಲ ಎಂಬುದನ್ನೂ ಸಿಯ ಪರವಾಗಿ ಹೇಳಲೇಬೇಕು.

ಪೈಥಾನ್‌ನ ಪೂರ್ಣಾಂಕಕ್ಕೆ ಇಂಥ ಮಿತಿಯಿಲ್ಲ. ಅದರಲ್ಲೂ ಒಂದು ತೊಡಕಿದೆ: ಕೀಲಿಮಣೆಯಿಂದ ಕೊಟ್ಟ 700 ಅಕ್ಷರಗಳಾಗಿಯೇ ಉಳಿಯುವುದರಿಂದ, ಅದನ್ನು 50ರಿಂದ ಗುಣಿಸಿದರೆ 700 ಎಂಬುದೇ ಐವತ್ತು ಸಲ ಸಾಲಾಗಿ ಮೂಡುತ್ತದೆ. ಆದರೆ ಆ ತಪ್ಪು ನೋಡಿದ ಕೂಡಲೇ ತಿಳಿಯುತ್ತದೆ, ಅಕ್ಷರಗಳನ್ನು ಸಂಖ್ಯೆಯಾಗಿಸುವ ಇಂಟ್ ಎಂಬ ಒಂದು ಪದದಿಂದ ಸರಿಯೂ ಹೋಗುತ್ತದೆ.

ವೆಬ್ ಪುಟ ಮಾಡುವ ಆಸೆಯಿರುವವರು ಜಾವಾಸ್ಕ್ರಿಪ್ಟ್ ಹಿಡಿಯಬಹುದು. ಅದಕ್ಕೆ ಬ್ರೌಸರ್ ಒಂದಿದ್ದರೆ ಸಾಕು.

ಕಲಿಕೆಯ ಸಾಮಗ್ರಿಯಲ್ಲಿ ನನ್ನ ಆಯ್ಕೆ ವಿಡಿಯೊ ಅಲ್ಲ. ಆಷಾಢದ ಮಳೆಯಲ್ಲಿ ನಮ್ಮ ಕಡೆ ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಹೋಗುವುದರಿಂದ, ಪೈಥಾನ್‌ನ ಅಧಿಕೃತ ಪಾಠವನ್ನು ಉಚಿತವಾಗಿ ಇಳಿಸಿಕೊಂಡು, ಚಿಕ್ಕಮಗಳೂರಿನಲ್ಲಿ ಮುದ್ರಿಸಿ ತಂದು ಓದಿದೆ. ಅದು ಇಂಗ್ಲಿಷ್‌ನಲ್ಲಿದೆ, ನಿಧಾನವಾಗಿ ಓದಬೇಕು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯ ಉಚಿತ ಪಾಠಗಳೂ ಇವೆ. ನೆಟ್‌ವರ್ಕ್ ಸರಿಯಿರುವ ಊರಿನವರು ಅಲ್ಲಿಂದ ಆರಂಭಿಸಬಹುದು. ಮುದ್ರಣಕ್ಕೆ ನನಗೆ ತಗುಲಿದ್ದು ಮುನ್ನೂರು ರೂಪಾಯಿಗೂ ಕಡಿಮೆ.