ಸೀ ಡಾಗ್ಸ್: ಟು ಈಚ್ ಹಿಸ್ ಓನ್ – ವರ್ಷಗಟ್ಟಲೆ ಆಡಿದ ಮೇಲೆ ಚಿಕ್ಕಮಗಳೂರಿನಿಂದ ಒಂದು ವಿಮರ್ಶೆ

ಕಡಲ್ಗಳ್ಳರ ಕಂಪ್ಯೂಟರ್ ಆಟ ಅಂದ ಕೂಡಲೇ ನಮ್ಮ ಗೆಳೆಯರ ಬಳಗದಲ್ಲಿ ಮೂರು ಹೆಸರು ಬರುತ್ತವೆ. 2013ರ ಅಸ್ಯಾಸಿನ್ಸ್ ಕ್ರೀಡ್ ಬ್ಲ್ಯಾಕ್ ಫ್ಲ್ಯಾಗ್, 2018ರ ಸೀ ಆಫ್ ಥೀವ್ಸ್, 2024ರ ಸ್ಕಲ್ ಅಂಡ್ ಬೋನ್ಸ್. ನಾನು ಆಡುವ ಸೀ ಡಾಗ್ಸ್: ಟು ಈಚ್ ಹಿಸ್ ಓನ್ ಹೆಸರು ಹೇಳಿದರೆ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದವರು "ಅದಾ? ಎರಡು ಗಂಟೆ ಆಡಿ ಬಿಟ್ಟೆ ಮಾರಾಯ" ಅನ್ನುತ್ತಾರೆ. ಆ ಎರಡು ಗಂಟೆ ದಾಟಿದವರು ಮಾತ್ರ ಇದನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಅವರಲ್ಲಿ ನಾನೂ ಒಬ್ಬ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆಟದ ಹಿನ್ನೆಲೆ. ಸೀ ಡಾಗ್ಸ್ ಸರಣಿ ಶುರುವಾಗಿದ್ದು 2000ದಲ್ಲಿ, ರಷ್ಯಾದ ಅಕೆಲ್ಲಾ ಕಂಪನಿಯಿಂದ. 2003ರಲ್ಲಿ ಬಂದ ಎರಡನೇ ಆಟಕ್ಕೆ ಡಿಸ್ನಿ ಸಿನಿಮಾ ಜೊತೆಗೆ ಹೊಂದಲಿ ಅಂತ ಪೈರೇಟ್ಸ್ ಆಫ್ ದಿ ಕೆರಿಬಿಯನ್ ಅಂತ ಹೆಸರಿಟ್ಟರು. ಆಮೇಲೆ ಏಜ್ ಆಫ್ ಪೈರೇಟ್ಸ್ ಹೆಸರಿನಲ್ಲಿ ಎರಡು ಆಟ ಬಂದವು. ಟು ಈಚ್ ಹಿಸ್ ಓನ್ ರಷ್ಯಾದಲ್ಲಿ 2012ಕ್ಕೆ ಬಂತು, ಮಾಡಿದ್ದು ಬ್ಲ್ಯಾಕ್‌ಮಾರ್ಕ್ ಸ್ಟುಡಿಯೋ. ಇಂಗ್ಲಿಷ್ ಆವೃತ್ತಿ ಸ್ಟೀಮ್ ಅನ್ನುವ ಆಟಗಳ ಆನ್‌ಲೈನ್ ಅಂಗಡಿಗೆ ಬಂದಿದ್ದು ಅದಾದ ಮೇಲೆ. ಹಾಗಾಗಿ ಗ್ರಾಫಿಕ್ಸ್ ನೋಡಿ ಖರೀದಿ ಮಾಡುವವರಿಗೆ ಇದು ಅಲ್ಲವೇ ಅಲ್ಲ. ಮುಖಗಳು ಗೊಂಬೆಯ ಮುಖಗಳೇ. ಒಳಾಂಗಣದ ಕೋಣೆಗಳು ಊರಿಂದ ಊರಿಗೆ ಒಂದೇ ಥರ. ಸಮುದ್ರ ಮಾತ್ರ ಚೆನ್ನಾಗಿದೆ. ಬೆಳಗಿನ ಜಾವದಲ್ಲಿ ದ್ವೀಪದ ಗುಡ್ಡಗಳು ಮಂಜಿನಿಂದ ನಿಧಾನಕ್ಕೆ ಎದ್ದು ಬರುವುದನ್ನು ಈಗಲೂ ನಿಂತು ನೋಡುತ್ತೇನೆ.

ನಾಯಕ ಚಾರ್ಲ್ಸ್ ಡಿ ಮೋರ್, ಫ್ರಾನ್ಸಿನ ಒಬ್ಬ ಯುವಕ. 1654ರಲ್ಲಿ ಅಣ್ಣ ಮಿಶೆಲ್‌ನನ್ನು ಹುಡುಕಿಕೊಂಡು ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯರ್ ಬಂದರಿಗೆ ಬರುತ್ತಾನೆ. ಅಣ್ಣ ಸಿಗುತ್ತಾನೆ, ಆದರೆ ಜೈಲಿನಲ್ಲಿ. ಕಾರಣ ಸಾಲ. ಸಾಲ ವಸೂಲಿ ಮಾಡುವ ಗವರ್ನರ್ ಫಿಲಿಪ್ ಡಿ ಪ್ವಾನ್ಸಿ ಕಲ್ಪನೆಯ ಪಾತ್ರ ಅಲ್ಲ, ಇತಿಹಾಸದಲ್ಲಿ ನಿಜವಾಗಿ ಇದ್ದವನು. ಮಾಲ್ಟಾದ ನೈಟ್‌ಗಳು ಅನ್ನುವ ಕ್ರೈಸ್ತ ಯೋಧರ ಪಂಗಡಕ್ಕೆ ಸೇರಿದವನು. 1651ರಲ್ಲಿ ಆ ಪಂಗಡ ಕೆರಿಬಿಯನ್‌ನ ಕೆಲವು ದ್ವೀಪಗಳನ್ನು ಕೊಂಡುಕೊಂಡಿತ್ತು. ಇಂಥ ವಿಷಯ ಕಥೆಯೊಳಗೆ ಸೇರಿಕೊಂಡಿರುವುದು ನನಗೆ ಬಹಳ ಇಷ್ಟ. ಮುಂದಿನ ಕಥೆ ಹೇಳುವುದಿಲ್ಲ. ಮುರಿದ ಹಡಗುಗಳನ್ನು ಒಂದಕ್ಕೊಂದು ಕಟ್ಟಿ ಸಮುದ್ರದ ನಡುವೆ ಮಾಡಿಕೊಂಡ ಒಂದು ಊರು ಬರುತ್ತದೆ, ಅಲ್ಲಿಗೆ ತಲುಪುವವರೆಗೆ ಆಟ ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ.

ಈಗ ಆ ಮೊದಲ ಎರಡು ಗಂಟೆಯ ವಿಷಯ. ಕೈಯಲ್ಲಿ ಹಡಗಿಲ್ಲ, ದುಡ್ಡಿಲ್ಲ, ಕತ್ತಿ ಹಿಡಿಯುವುದೂ ಸರಿಯಾಗಿ ಬರುವುದಿಲ್ಲ. ಊರ ಬಾಗಿಲು ದಾಟಿ ಕಾಡಿನ ದಾರಿ ಹಿಡಿದರೆ ಇಬ್ಬರು ದರೋಡೆಕೋರರು ಸಾಕು, ಕಥೆ ಮುಗಿಯಿತು. ಬ್ಲ್ಯಾಕ್ ಫ್ಲ್ಯಾಗ್ ಆಡಿ ಬಂದವರು ಇಲ್ಲೇ ಸಿಟ್ಟಾಗುತ್ತಾರೆ. ಅಲ್ಲಿ ನಾಯಕ ಆರಂಭದಲ್ಲೇ ಬಲಶಾಲಿ, ಎದುರಿಗೆ ನಾಲ್ಕು ಜನ ಬಂದರೂ ಸರಿ. ಇಲ್ಲಿ ಹಾಗಲ್ಲ. ಸ್ಕಿಲ್, ಅಂದರೆ ನಾಯಕನ ಕೌಶಲ್ಯ, ಬಳಸಿದಷ್ಟೇ ಬೆಳೆಯುತ್ತದೆ. ಹಗುರ ಕತ್ತಿ, ಮಧ್ಯಮ ಕತ್ತಿ, ಭಾರದ ಕತ್ತಿ ಅಂತ ಮೂರು ಬಗೆ ಇವೆ. ಯಾವುದನ್ನು ಬೀಸುತ್ತೀರೋ ಅದೊಂದೇ ಮೇಲೇರುತ್ತದೆ. ದಮ್ಮು ಮುಗಿದರೆ ಕೈ ಏಳುವುದಿಲ್ಲ.

ನನ್ನ ಭಾವ ಇದನ್ನು ಆಡಿ "ಇದು ಆಟ ಅಲ್ಲ, ಶಿಕ್ಷೆ" ಅಂದರು. ಹಾಸನದಲ್ಲಿರುವ ಗೆಳೆಯನೊಬ್ಬ ಇದಕ್ಕೆ ತದ್ವಿರುದ್ಧ. ಆರಂಭದ ಬಡತನವೇ ಆಟದ ಅತ್ಯುತ್ತಮ ಭಾಗ ಅನ್ನುವುದು ಅವನ ವಾದ. ಸ್ಟೀಮ್‌ನಲ್ಲೂ ಅಭಿಪ್ರಾಯಗಳು ಹೀಗೇ ಎರಡು ಪಾಲಾಗಿವೆ. ನನಗೆ ಗೆಳೆಯನ ಮಾತೇ ಸರಿ ಅನ್ನಿಸುತ್ತದೆ, ಆದರೆ ಭಾವನ ಸಿಟ್ಟಿಗೂ ಕಾರಣ ಇದೆ. ಹೇಗೆ ಬದುಕಬೇಕು ಅಂತ ಆಟ ಎಲ್ಲೂ ಹೇಳಿಕೊಡುವುದಿಲ್ಲ. ಜಗಳ ಬಿಟ್ಟು ಓಡುವುದು ಇಲ್ಲಿ ಜಾಣತನ. ಊರೊಳಗಿನ ಸಣ್ಣಪುಟ್ಟ ಕೆಲಸಗಳಿಂದ ಮೊದಲ ದುಡ್ಡು ಮಾಡಬೇಕು. ಈ ಎರಡು ಮಾತು ಮೊದಲೇ ಗೊತ್ತಿದ್ದರೆ ಅರ್ಧ ಜನ ಆಟ ಬಿಡುತ್ತಿರಲಿಲ್ಲ.

ಹಡಗು ಸಿಕ್ಕ ಮೇಲೆ ಇದು ಬೇರೆಯದೇ ಆಟ. ಮೊದಲು ಸಿಗುವುದು ಲಗ್ಗರ್‌ನಂಥ ಸಣ್ಣ ಹಡಗು. ಆಮೇಲೆ ಸ್ಲೂಪ್, ಸ್ಕೂನರ್, ಬ್ರಿಗ್, ಕಾರ್ವೆಟ್, ಫ್ರಿಗೇಟ್ ಹೀಗೆ ಮೇಲೇರುತ್ತದೆ. ನಿಮ್ಮ ನಾವಿಕ ಸ್ಕಿಲ್ ಸಾಲದೆ ದೊಡ್ಡ ಹಡಗು ಹತ್ತಿದರೆ ಉಳಿದೆಲ್ಲ ಸ್ಕಿಲ್‌ಗಳೂ ಕುಸಿಯುತ್ತವೆ. ಇದು ನ್ಯಾಯವಾದ ನಿಯಮ. ಗಾಳಿಯ ಲೆಕ್ಕ ಇನ್ನೂ ಚೆನ್ನಾಗಿದೆ. ಅಡ್ಡ ಹಾಯಿಯ ದೊಡ್ಡ ಹಡಗು ಬೆನ್ನ ಗಾಳಿಗೆ ಹಾರುತ್ತದೆ, ಗಾಳಿಗೆ ಮುಖ ಮಾಡಿದರೆ ಸುಮ್ನೆ ನಿಂತುಬಿಡುತ್ತದೆ. ಉದ್ದ ಹಾಯಿಯ ಸ್ಕೂನರ್ ಗಾಳಿಗೆ ಓರೆಯಾಗಿಯೂ ನುಗ್ಗುತ್ತದೆ. ಹಾಗಾಗಿ ನನಗಿಂತ ಮೂರು ಪಟ್ಟು ಫಿರಂಗಿ ಇರುವ ಹಡಗು ಅಟ್ಟಿಸಿಕೊಂಡು ಬಂದರೆ ಗಾಳಿ ಬರುವ ಕಡೆಗೆ ಓರೆಯಾಗಿ ತಿರುಗಿ ತಪ್ಪಿಸಿಕೊಳ್ಳುತ್ತೇನೆ. ಗಾಳಿಯನ್ನು ಓದಿ ಉಳಿದುಕೊಳ್ಳುವ ಈ ಖುಷಿ ಬೇರೆ ಯಾವ ಕಡಲಾಟದಲ್ಲೂ ನನಗೆ ಇಷ್ಟು ಸಿಕ್ಕಿಲ್ಲ.

ಗುಂಡಿನಲ್ಲೂ ನಾಲ್ಕು ಬಗೆ. ಸಾದಾ ಗುಂಡು, ಹಾಯಿ ಹರಿಯುವ ಸರಪಳಿ ಗುಂಡು, ಜನರನ್ನು ಉರುಳಿಸುವ ಚರೆ ಗುಂಡು, ಹತ್ತಿರದಿಂದ ಒಡಲು ಸೀಳುವ ಬಾಂಬು. ಹಡಗನ್ನು ಮುಳುಗಿಸಿದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಹಿಡಿಯಬೇಕು ಅಂದರೆ ಮೊದಲು ಹಾಯಿ ಹರಿದು ವೇಗ ಇಳಿಸಬೇಕು. ಆಮೇಲೆ ಚರೆ ಹೊಡೆದು ಜನ ಕಡಿಮೆ ಮಾಡಬೇಕು. ಕೊನೆಗೆ ಹಡಗಿಗೆ ಹಡಗು ತಾಗಿಸಿ ಹತ್ತಬೇಕು. ಮಧ್ಯೆ ಗುಂಡು ಬದಲಿಸಲು ಹಿಡಿಯುವ ಸಮಯದಲ್ಲೇ ಎಷ್ಟೋ ಯುದ್ಧಗಳು ತೀರ್ಮಾನ ಆಗುತ್ತವೆ.

ಆದರೆ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು ಯುದ್ಧ ಅಲ್ಲ, ವ್ಯಾಪಾರ. ನಮ್ಮದು ಸಣ್ಣ ಕಾಫಿ ತೋಟ. ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ರೇಟ್ ಎಷ್ಟಾಯಿತು, ಚೆರಿ (ಹಣ್ಣನ್ನೇ ಒಣಗಿಸಿದ್ದು) ರೇಟ್ ಎಷ್ಟಾಯಿತು ಅಂತ ದಿನಾ ಕೇಳಿಕೊಂಡು, ಮೂಟೆ ಈಗ ಮಾರಬೇಕೋ ತಡೆದು ನೋಡಬೇಕೋ ಅಂತ ಮನೆಯಲ್ಲಿ ಮಾತಾಡುವುದನ್ನು ನೋಡಿಯೇ ಬೆಳೆದವನು ನಾನು. ಈ ಆಟದಲ್ಲಿ ಕೂಡ ಅದೇ ತಲೆಬಿಸಿ. ಪ್ರತಿ ಊರಿಗೂ ಅಗ್ಗದಲ್ಲಿ ಸಿಗುವ ಸರಕು ಬೇರೆ, ದುಬಾರಿಗೆ ಕೊಳ್ಳುವ ಸರಕು ಬೇರೆ. ನಿಷೇಧ ಹಾಕಿದ ಸರಕನ್ನು ಅಂಗಡಿಯಲ್ಲಿ ಮಾರುವ ಹಾಗಿಲ್ಲ. ಹೋಟೆಲಿನಲ್ಲಿ ಕಳ್ಳಸಾಗಣೆಯವರನ್ನು ಕಂಡು, ರಾತ್ರಿ ಯಾವುದೋ ಕೊಲ್ಲಿಯಲ್ಲಿ ಇಳಿಸಬೇಕು. ಅಲ್ಲಿ ಗಸ್ತಿನವರು ಬಂದರೆ ಹಡಗೂ ಹೋಯಿತು, ಹೆಸರೂ ಹೋಯಿತು. ನಾನು ಒಂದು ನೋಟ್‌ಬುಕ್ಕಿನಲ್ಲಿ ಊರೂರಿನ ದರ ಬರೆದಿಟ್ಟುಕೊಂಡು ಆಡುತ್ತೇನೆ. ಹಾಗೆ ಬರೆದುಕೊಂಡು ಆಡಿದರೆ ಆಟ ಎರಡು ಪಟ್ಟು ಚೆನ್ನಾಗಿರುತ್ತದೆ.

ಸರಕಿನ ಪಟ್ಟಿಯಲ್ಲಿ ಕೊಬ್ಬರಿ ಇದೆ. ಅರಸೀಕೆರೆ ಮಾರುಕಟ್ಟೆ ಕಂಡವರಿಗೆ ಅದನ್ನು ನೋಡಿದ ಕೂಡಲೇ ಖುಷಿ ಆಗದೆ ಇರುವುದಿಲ್ಲ. ಕಾಫಿಯೂ ಇದೆ. ಇಲ್ಲಿ ನನ್ನದೊಂದು ತಕರಾರು. ಕಥೆ ನಡೆಯುವುದು 1654ರಲ್ಲಿ. ಮಾರ್ಟಿನಿಕ್‌ಗೆ ಕಾಫಿ ಗಿಡ ತಂದವನು ಗೇಬ್ರಿಯಲ್ ಡಿ ಕ್ಲಿಯು ಅನ್ನುವ ಫ್ರೆಂಚ್ ನೌಕಾ ಅಧಿಕಾರಿ, ಅದೂ 1720ರ ದಶಕದಲ್ಲಿ. ದಾರಿಯಲ್ಲಿ ಕುಡಿಯುವ ನೀರು ಕಡಿಮೆ ಆದಾಗ ತನ್ನ ಪಾಲಿನ ನೀರನ್ನು ಗಿಡಕ್ಕೆ ಹಾಕಿ ಉಳಿಸಿದ ಅಂತ ಕಥೆ ಇದೆ. ನಮ್ಮ ಗಿರಿಗೆ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅನ್ನುವ ಕಥೆಯೂ 17ನೇ ಶತಮಾನದ್ದೇ. ಅಂದರೆ ಕೆರಿಬಿಯನ್‌ಗಿಂತ ಮುಂಚೆ ಚಿಕ್ಕಮಗಳೂರಿಗೆ ಕಾಫಿ ಬಂದಿತ್ತು. ಆಟ ಮಾಡಿದವರು ಇತಿಹಾಸಕ್ಕೆ ಇಷ್ಟು ಕಷ್ಟಪಟ್ಟಿದ್ದಾರೆ, ಇದೊಂದನ್ನೂ ಸರಿಯಾಗಿ ನೋಡಬೇಕಿತ್ತು ಅಲ್ವಾ.

ಅದೇ ಪಟ್ಟಿಯಲ್ಲಿ ಗುಲಾಮರೂ ಇದ್ದಾರೆ, ಸಕ್ಕರೆ ಮತ್ತು ರಮ್ ಇರುವ ಹಾಗೆಯೇ, ಬೆಲೆ ಸಮೇತ. ಆ ಕಾಲದಲ್ಲಿ ಆ ವ್ಯಾಪಾರ ನಡೆದದ್ದು ನಿಜ, ಮುಚ್ಚಿಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಮನುಷ್ಯರನ್ನು ಮೂಟೆಯ ಲೆಕ್ಕದಲ್ಲಿ ತೋರಿಸಿ ಸುಮ್ಮನಾಗುವುದು ತಪ್ಪು. ಕಬ್ಬಿನ ತೋಟದಲ್ಲಿ ದುಡಿದು ಸತ್ತವರ ಒಂದು ಮಾತಾದರೂ ಎದ್ದು ಕೇಳುವ ಹಾಗೆ ಇರಬೇಕಿತ್ತು. ನಾನು ಆ ಸರಕನ್ನು ಒಮ್ಮೆಯೂ ಹೇರಿಲ್ಲ. ಹೇರದೆಯೂ ಆಟ ಸಾಗುತ್ತದೆ, ಲಾಭ ಸ್ವಲ್ಪ ನಿಧಾನ ಅಷ್ಟೇ. ಮಕ್ಕಳಿಗೆ ಈ ಆಟ ಕೊಡುವ ಮುಂಚೆ ದೊಡ್ಡವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಹಡಗಿನ ಜನರನ್ನು ಸಾಕುವುದು ಇನ್ನೊಂದು ದೊಡ್ಡ ಕೆಲಸ. ಊಟ ಬೇಕು, ಔಷಧಿ ಬೇಕು, ತಿಂಗಳ ಸಂಬಳ ಬೇಕು. ರಮ್ ಇದ್ದರೆ ಮನಸ್ಸು ಚೆನ್ನಾಗಿರುತ್ತದೆ. ಊಟ ಮುಗಿದು ದಡ ದೂರ ಇದ್ದರೆ ದಂಗೆ ಏಳುತ್ತಾರೆ. ದಾರಿ ತೋರಿಸುವವನು, ಫಿರಂಗಿಯವನು, ವೈದ್ಯ, ಲೆಕ್ಕದವನು, ಬಡಗಿ ಹೀಗೆ ಒಬ್ಬೊಬ್ಬ ಅಧಿಕಾರಿಯನ್ನು ಹುಡುಕಿ ಸೇರಿಸಿಕೊಳ್ಳಬೇಕು. ಒಳ್ಳೆಯ ವೈದ್ಯ ಸಿಕ್ಕ ದಿನ ನಿಜವಾಗಲೂ ಹಬ್ಬ.

ತೊಂದರೆಗಳ ವಿಷಯಕ್ಕೆ ಬಂದರೆ, ದೊಡ್ಡದು ಇಂಗ್ಲಿಷ್ ಅನುವಾದ. ವಾಕ್ಯಗಳು ಉದ್ದ, ಎಷ್ಟೋ ಕಡೆ ಅರ್ಥವೇ ಆಗುವುದಿಲ್ಲ. ಈ ಆಟದಲ್ಲಿ ಓದುವುದು ಬಹಳ, ಹಾಗಾಗಿ ಇದು ಸಣ್ಣ ದೋಷ ಅಲ್ಲ. ದಿನಚರಿ ಪುಸ್ತಕದಲ್ಲಿ ಮುಂದೆ ಎಲ್ಲಿಗೆ ಹೋಗಬೇಕು ಅಂತ ಸ್ಪಷ್ಟವಾಗಿ ಬರೆದಿರುವುದಿಲ್ಲ. ಇನ್ನೊಂದು, ಮುಖ್ಯ ಕಥೆಯ ಕೆಲಸಗಳಿಗೆ ಗಡುವು ಇದೆ. ತೆರೆದ ಸಮುದ್ರ ಕೊಟ್ಟು, ಇಷ್ಟು ದಿನದೊಳಗೆ ಅಲ್ಲಿಗೆ ಬಾ ಅಂದರೆ ತಿರುಗಾಡುವುದು ಯಾವಾಗ? ನನ್ನ ಮಟ್ಟಿಗೆ ಇದು ಆಟದ ಅತಿ ದೊಡ್ಡ ವಿನ್ಯಾಸದ ತಪ್ಪು. ಗಡುವು ತಪ್ಪಿದ್ದು ಎಷ್ಟೋ ಹೊತ್ತಿನ ನಂತರ ಗೊತ್ತಾಗುತ್ತದೆ. ಆಗ ಹಳೆಯ ಸೇವ್‌ಗೆ ಹಿಂದಿರುಗುವುದು ಬಿಟ್ಟು ಬೇರೆ ದಾರಿ ಇಲ್ಲ. ಬಗ್‌ಗಳೂ ಇವೆ. ಊರೊಳಗೆ ಹೋಗುವಾಗ ಆಟ ಕ್ರ್ಯಾಶ್ ಆಗಿದ್ದಿದೆ. ಹೆಚ್ಚುವರಿ ಕಥೆಗಳನ್ನು ಬಿಡಿಬಿಡಿಯಾಗಿ ಮಾರಿದ್ದು ನನಗೆ ಇಷ್ಟವಾಗಲಿಲ್ಲ. ಅವುಗಳಲ್ಲಿ ದಿ ಕಲೆಉಚೆ ಮಾತ್ರ ಕೊಳ್ಳಬಹುದು. ಚಿಲಿ ದೇಶದ ಕರಾವಳಿಯ ಭೂತದ ಹಡಗಿನ ನಂಬಿಕೆಯಿಂದ ಹುಟ್ಟಿದ ಕಥೆ ಅದು. ಹೆದರಿಸುತ್ತದೆ, ಚೆನ್ನಾಗಿಯೂ ಇದೆ.

ನಮ್ಮ ಕಡೆಯವರಿಗೆ ಮುಖ್ಯವಾದ ಎರಡು ಮಾತು ಬಾಕಿ ಇವೆ. ಒಂದು, ಇದಕ್ಕೆ ಇಂಟರ್ನೆಟ್ ಬೇಡ. ಸೀ ಆಫ್ ಥೀವ್ಸ್ ಮತ್ತು ಸ್ಕಲ್ ಅಂಡ್ ಬೋನ್ಸ್ ಎರಡಕ್ಕೂ ಸದಾ ನೆಟ್ ಬೇಕು. ಆಷಾಢದ ಮಳೆಯಲ್ಲಿ ಆಲ್ದೂರು, ಮೂಡಿಗೆರೆ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಟವರ್ ಹೋದರೂ ಈ ಆಟ ನಡೆಯುತ್ತದೆ. ಎರಡು, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಇಲ್ಲದೆ ಆಡಬೇಡಿ. ದೊಡ್ಡ ಯುದ್ಧದ ನಡುವೆ ಕರೆಂಟ್ ಹೋದರೆ ಆಗುವ ಸಂಕಟ ಯಾರಿಗೂ ಬೇಡ.

ಈ ಸರಣಿಯ ಬೆನ್ನೆಲುಬಾದ ಸ್ಟಾರ್ಮ್ ಎಂಜಿನ್ (ಆಟವನ್ನು ನಡೆಸುವ ಮೂಲ ತಂತ್ರಾಂಶ) ಅದರ ಸೋರ್ಸ್ ಕೋಡ್ 2021ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2024ರಲ್ಲಿ ಇದೇ ತಂಡದ ಕೆರಿಬಿಯನ್ ಲೆಜೆಂಡ್ ಬಂತು. ಅದರ ನಾಯಕನೂ ಚಾರ್ಲ್ಸೇ, ಅದೇ ಕಥೆಯನ್ನು ತಿದ್ದಿ ಬೆಳೆಸಿದ್ದಾರೆ. ಹೊಸದಾಗಿ ಶುರು ಮಾಡುವವರು ಎರಡನ್ನೂ ನೋಡಿ ಆರಿಸಿಕೊಳ್ಳಿ. ಹಳೆಯದು ಸೇಲ್‌ನಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ.

ಹಳೆಯದನ್ನೇ ತೆಗೆದುಕೊಂಡರೆ ಕಷ್ಟದ ಮಟ್ಟವನ್ನು ಕೆಳಗಿನದ್ದೇ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಪ್ರತಿ ಬಂದರಿನಲ್ಲೂ ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಒಂದರ ಮೇಲೊಂದು ಬೇಡ. ಮೊದಲ ಹಡಗು ಸಿಕ್ಕ ತಕ್ಷಣ ಯಾರ ಮೇಲೂ ಗುಂಡು ಹಾರಿಸಬೇಡಿ. ವರ್ತಕರ ಸರಕನ್ನು ಬಾಡಿಗೆಗೆ ಸಾಗಿಸುವ ಕೆಲಸ ಹಿಡಿಯಿರಿ, ನಾವಿಕ ಸ್ಕಿಲ್ ಬೆಳೆಯಲಿ, ಒಬ್ಬ ಬಡಗಿ ಮತ್ತು ಒಬ್ಬ ವೈದ್ಯ ಸೇರಿಕೊಳ್ಳಲಿ. ಅಲ್ಲಿಯವರೆಗೆ ಫ್ರಾನ್ಸಿನ ಶತ್ರುವಾದ ಸ್ಪೇನಿನ ಬಾವುಟ ದೂರದಲ್ಲಿ ಕಂಡರೆ ಹಾಯಿ ತಿರುಗಿಸಿ ಬೇರೆ ದಾರಿ ಹಿಡಿಯಿರಿ.