ಪ್ಲೇಸ್ಟೇಷನ್ ಕೊಟ್ಟರೆ ಸಹಿ ಹಾಕಿಸಿಕೊಳ್ಳುವ ಅಂಗಡಿ

ಅಂಗಡಿಯ ಹೆಸರು ಬರೆಯಬೇಡಿ ಅಂತ ಅಲ್ಲಿನ ಹುಡುಗನೇ ಹೇಳಿದ್ದಾನೆ. "ಹೆಸರು ಹಾಕಿದ್ರೆ ನಾಳೆಯಿಂದ ಗೇಮ್ ತುಂಬಿಕೊಡಿ ಅಂತ ಜನ ಬರ್ತಾರೆ ಸಾರ್, ಇಲ್ಲ ಅಂದ್ರೆ ಬೈದು ಹೋಗ್ತಾರೆ." ಹಾಗಾಗಿ ಇಷ್ಟು ಮಾತ್ರ ಹೇಳುತ್ತೇನೆ. ಕೊಡಗಿನ ಕುಶಾಲನಗರ, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ, ಮಹಡಿ ಮೇಲೆ. ಬೋರ್ಡಿನಲ್ಲಿ ಮೊಬೈಲ್, ರಿಮೋಟ್, ಮಿಕ್ಸಿ ಅಂತಿದೆ. ಗೇಮ್ ಅನ್ನುವ ಮಾತೇ ಇಲ್ಲ.

ನನ್ನದು 2007ರಲ್ಲಿ ಕೊಂಡ ಪ್ಲೇಸ್ಟೇಷನ್ 2, ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಪೆಟ್ಟಿಗೆ, ತೆಳ್ಳಗಿನದು. ಮನೆ ಸುಂಟಿಕೊಪ್ಪದ ಹತ್ತಿರ, ಸುತ್ತ ಕಾಫಿ ತೋಟ. ಮಳೆಗಾಲದಲ್ಲಿ ನಮ್ಮಲ್ಲಿ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಕ್ಯಾಮೆರಾ ಲೆನ್ಸಿನ ಒಳಗೂ ಬೂಷ್ಟು. ಗೇಮ್ ಡಿಸ್ಕನ್ನು ಬಿಟ್ಟೀತೇ? ಹೋದ ಜೂನ್‌ನಿಂದ ಯಾವ ಡಿಸ್ಕ್ ಹಾಕಿದರೂ ಕಿರ್ರ್ ಅಂದು ಸುಮ್ಮನಾಗುತ್ತಿತ್ತು. ಡಿಸ್ಕ್ ಓದುವ ಲೇಸರ್ ಹೋಗಿತ್ತು. ಸೋನಿ ಈ ಪೆಟ್ಟಿಗೆ ಮಾಡುವುದನ್ನೇ 2013ರ ಹೊತ್ತಿಗೆ ನಿಲ್ಲಿಸಿದೆ. ಇನ್ನು ವಾರಂಟಿ, ಸರ್ವಿಸ್ ಅಂತ ಯಾರನ್ನು ಕೇಳುವುದು?

ಮೊದಲು ಬೇರೆ ಊರಿನ ಒಂದು ಅಂಗಡಿಗೆ ಫೋನ್ ಮಾಡಿದ್ದೆ. ಮೂರೂವರೆ ಸಾವಿರ ಕೊಡಿ, ಕಂಪನಿಯ ಡಿಸ್ಕ್ ಮಾತ್ರ ಓದುವಂತೆ ಹಾಕಿದ ಬೀಗ ತಪ್ಪಿಸುವ ಚಿಪ್ ಹಾಕಿ ಹಾರ್ಡ್ ಡಿಸ್ಕ್ ತುಂಬ ಗೇಮ್ ಫ್ರೀ ಕೊಡ್ತೀವಿ ಅಂದರು. ನಾನು ಸಹಕಾರ ಸಂಘದಲ್ಲಿ ಗುಮಾಸ್ತ. ಫ್ರೀ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಆಡಿಟ್ ನೆನಪಾಗುತ್ತದೆ. ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟೆ.

ಕುಶಾಲನಗರದ ಹುಡುಗ ಹಾಗಲ್ಲ. ಪೆಟ್ಟಿಗೆ ಕೈಗೆ ತಗೊಂಡವನೇ ಮಗುಚಿ ಹಾಕಿ ಅಡಿಯ ಮಾಡೆಲ್ ನಂಬರ್ ಓದಿದ. 77000ದ ಸಾಲಿನದು, ನಡೆಯುತ್ತೆ ಅಂದ. 90000ದ ಸಾಲಿನಲ್ಲಿ ಕೊನೆಗೆ ಬಂದವಕ್ಕೆ ಈ ದಾರಿ ಆಗುವುದಿಲ್ಲವಂತೆ. ದಾರಿ ಏನೆಂದರೆ, ಬೆಸುಗೆಯೂ ಇಲ್ಲ, ಚಿಪ್ಪೂ ಇಲ್ಲ. ಎಂಟು ಎಂಬಿಯ ಮೆಮೊರಿ ಕಾರ್ಡಿನಲ್ಲಿ ಫ್ರೀ ಎಂಸಿಬೂಟ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಹಾಕಿ ಕೊಡುತ್ತಾನೆ. ಪೆಟ್ಟಿಗೆ ಅದರಿಂದ ಎದ್ದು, ಆ ಬೀಗ ತಪ್ಪಿಸಿ, ಗೇಮನ್ನು ಡಿಸ್ಕಿನ ಬದಲು ಪೆನ್‌ಡ್ರೈವಿನಿಂದ ಓದುತ್ತದೆ. ಕಾರ್ಡ್ ಕಿತ್ತರೆ ಎಲ್ಲ ಮೊದಲಿನ ಹಾಗೆ. ಹೊಸ ಲೇಸರ್ ಹಾಕಬಾರದಾ ಅಂತ ಕೇಳಿದೆ. "ಹಾಕಬಹುದು ಸಾರ್. ಮುಂದಿನ ಮಳೆಗಾಲಕ್ಕೆ ಮತ್ತೆ ಬರ್ತೀರಿ." ವ್ಯಾಪಾರ ಗೊತ್ತಿಲ್ಲದ ಹುಡುಗ.

ಆಮೇಲೆ ಡ್ರಾಯರಿನಿಂದ ಒಂದು ಉದ್ದನೆಯ ರಿಜಿಸ್ಟರ್ ತೆಗೆದ. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕೆಂಪು ಗೆರೆ ಎಳೆದು ಕಾಲಂ ಮಾಡಿದ್ದಾನೆ: ತಾರೀಕು, ಹೆಸರು, ವಿಳಾಸ, ಮಾಡೆಲ್, ಸೀರಿಯಲ್ ನಂಬರ್, ಉದ್ದೇಶ, ಸಹಿ. ಆಧಾರ್ ನೋಡಿ ವಿಳಾಸ ಬರೆದುಕೊಂಡ. "ಉದ್ದೇಶ ಏನು ಅಂತ ಬರೀಲಿ?" ಅಂದ. ಆಟ ಆಡೋದು ಅಂದೆ. "ಹಾಗಲ್ಲ ಸಾರ್. ಲೇಸರ್ ಕೆಟ್ಟಿದೆ, ಸ್ವಂತ ಡಿಸ್ಕಿನ ಗೇಮ್ ಆಡಲು, ಅಂತ ಬರೀತೀನಿ." ನಮ್ಮ ಸಂಘದಲ್ಲಿ ಸಾಲದ ಅರ್ಜಿಯಲ್ಲಿ ಉದ್ದೇಶ ತುಂಬಿಸುವುದಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಂಡಿಲ್ಲ.

ಇದೆಲ್ಲ ಇವನ ಅತಿ ಜಾಗ್ರತೆ ಅಂದುಕೊಂಡೆ. ರಾತ್ರಿ ಕರೆಂಟ್ ಬಂದ ಮೇಲೆ ಕೂತು ಕಾಯ್ದೆ ಓದಿದೆ. ಹುಡುಗನೇ ಸರಿ. 1957ರ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಅಂತ ಒಂದು ಸೆಕ್ಷನ್ ಸೇರಿದೆ. ಹಕ್ಕುಗಳನ್ನು ಕಾಯಲು ಹಾಕಿದ ತಾಂತ್ರಿಕ ಬೀಗವನ್ನು ಆ ಹಕ್ಕು ಮುರಿಯುವ ಉದ್ದೇಶದಿಂದಲೇ ತಪ್ಪಿಸಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಉದ್ದೇಶ ಅನ್ನುವುದೇ ಇಲ್ಲಿ ಗಟ್ಟಿ ಪದ. ಕಾಯ್ದೆ ಬೇಡ ಅನ್ನದ ಕೆಲಸಕ್ಕೆ ಬೀಗ ತೆಗೆದರೆ ಅದು ಅಪರಾಧ ಅಲ್ಲ. ಆದರೆ ಹಾಗೆ ತೆಗೆಯಲು ಇನ್ನೊಬ್ಬರಿಗೆ ನೆರವಾದವರು ನೆರವು ಪಡೆದವರ ಹೆಸರು, ವಿಳಾಸ, ಉದ್ದೇಶ ಎಲ್ಲ ದಾಖಲೆ ಇಟ್ಟುಕೊಳ್ಳಬೇಕು ಅಂತ ಅಲ್ಲೇ ಬರೆದಿದೆ. ಅಂದರೆ ಆ ಕೆಂಪು ಗೆರೆಯ ಪುಸ್ತಕ ಇವನ ಹುಚ್ಚಲ್ಲ, ಸೆಕ್ಷನ್ ಕೇಳಿದ್ದು.

ಅಮೆರಿಕದಲ್ಲಿ ಇಷ್ಟು ಸಲೀಸಿಲ್ಲ. ಅಲ್ಲಿನ 1998ರ ಕಾನೂನು ಬೀಗ ಮುರಿಯುವುದನ್ನೇ ಹಿಡಿಯುತ್ತದೆ. ಮೂರು ವರ್ಷಕ್ಕೊಮ್ಮೆ ಯಾವುದಕ್ಕೆ ವಿನಾಯಿತಿ ಅಂತ ಪಟ್ಟಿ ಮಾಡುತ್ತಾರೆ. ಗೇಮ್ ಪೆಟ್ಟಿಗೆಯ ಡಿಸ್ಕ್ ಡ್ರೈವ್ ರಿಪೇರಿಗೆ ಬೀಗ ತೆಗೆಯಬಹುದು ಅಂತ ಒಪ್ಪಿದ್ದು 2021ರಲ್ಲಿ.

ಇನ್ನು ಡಿಸ್ಕಿನ ವಿಷಯ. ಇದು ನನಗೆ ಸ್ವಲ್ಪ ಮುಜುಗರದ ಭಾಗ. ಒಂದು ಚೀಲದಲ್ಲಿ ಒಂಬತ್ತು ಡಿಸ್ಕ್ ಹಾಕಿಕೊಂಡು ಹೋಗಿದ್ದೆ. ಹುಡುಗ ಒಂದೊಂದನ್ನೇ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಎರಡು ರಾಶಿ ಮಾಡಿದ. ಒಂದು ರಾಶಿಯಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಆ ನಾಲ್ಕನ್ನು ಚೀಲಕ್ಕೇ ವಾಪಸ್ ಹಾಕಿ ನನ್ನ ಕಡೆ ತಳ್ಳಿದ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಫುಟ್‌ಪಾತಿನಲ್ಲಿ ಕೊಂಡ ನಕಲಿ ಪ್ರತಿಗಳು. ನಿಜ ಹೇಳಬೇಕೆಂದರೆ ಅವು ನನ್ನ ಪೆಟ್ಟಿಗೆಯಲ್ಲಿ ಒಂದು ದಿನವೂ ಓಡಿರಲಿಲ್ಲ. ಯಾಕೆ ಅಂತ ಈಗ ತಿಳಿಯಿತು. ಕಂಪನಿಯ ಡಿಸ್ಕಿನಲ್ಲಿ ಒಂದು ಗುರುತು ಇರುತ್ತದೆ, ಮಾಮೂಲಿ ರೈಟರ್‌ಗೆ ಅದನ್ನು ಬರೆಯಲು ಬರುವುದಿಲ್ಲ. ಪೆಟ್ಟಿಗೆ ಮೊದಲು ನೋಡುವುದೇ ಆ ಗುರುತನ್ನು. ಒಳಗಿನ ಗೇಮನ್ನು ಮಾತ್ರ ಮಾಮೂಲಿ ಕಂಪ್ಯೂಟರಿನ ಡಿವಿಡಿ ಡ್ರೈವ್ ಆರಾಮವಾಗಿ ಓದುತ್ತದೆ. ಬೀಗ ಇರುವುದು ಪೆಟ್ಟಿಗೆಗೆ, ಡಿಸ್ಕಿಗಲ್ಲ.

ಉಳಿದ ಐದನ್ನು ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದು, ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ನನ್ನ ಎದುರೇ ಕಾಪಿ ಮಾಡಿದ. ಕ್ರಿಕೆಟ್ 07 ಎರಡನೇ ಸಲಕ್ಕೆ ಓದಿಕೊಂಡಿತು. ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿಗೆ ಹಾಳಾಗುವ ಭಯಕ್ಕೆ ಬ್ಯಾಕಪ್ ಮಾಡಿಕೊಳ್ಳಲು ಸೆಕ್ಷನ್ 52 ಅವಕಾಶ ಕೊಡುತ್ತದೆ. ಲಾಭಕ್ಕಲ್ಲದ ಸ್ವಂತ ಬಳಕೆಯ ಕಾಪಿಗೂ ಅದರಲ್ಲೇ ಜಾಗ ಇದೆ. ಆದರೆ ಕದ್ದ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಾಯುತ್ತಿದೆ. ವ್ಯಾಪಾರಕ್ಕಲ್ಲದಿದ್ದರೆ ಕೋರ್ಟ್ ಜೈಲು ಬಿಟ್ಟು 50,000 ರೂಪಾಯಿವರೆಗೆ ದಂಡ ಹಾಕಬಹುದು. ಆ ನಾಲ್ಕು ಡಿಸ್ಕ್ ಈಗ ತೋಟದಲ್ಲಿ ಮಂಗ ಓಡಿಸಲು ದಾರದಲ್ಲಿ ನೇತಾಡುತ್ತಿವೆ. ಮಂಗಗಳು ಹೆದರುತ್ತಿಲ್ಲ, ಅದು ಬೇರೆ ಮಾತು.

ಅಂಗಡಿಯ ತಪ್ಪುಗಳೂ ಇವೆ. ಆಗಸ್ಟ್ ಮೊದಲ ವಾರದ ನಮ್ಮ ಕಕ್ಕಡ ಹದಿನೆಂಟಕ್ಕೆ ಮೊದಲೇ ಕೊಡ್ತೀನಿ ಅಂದವನು ಕೊಟ್ಟಿದ್ದು ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಎದುರಿಗೆ ಬಂದಾಗ. ನಾವು ಕಕ್ಕಡದ ಮದ್ದುಸೊಪ್ಪಿನ ಪಾಯಸ ತಿಂದು ಮುಗಿಸಿ ತಿಂಗಳಾಗುತ್ತಾ ಬಂದಿತ್ತು. ಫೋನ್ ಎತ್ತುವುದಿಲ್ಲ. ಎತ್ತಿದರೆ ಕರೆಂಟ್ ಇಲ್ಲ ಸಾರ್ ಅನ್ನುತ್ತಾನೆ. ಆಗಸ್ಟಿನಲ್ಲಿ ಆ ಮಾತನ್ನು ಸುಳ್ಳು ಅನ್ನುವ ಹಾಗೂ ಇಲ್ಲ. ಪೆಟ್ಟಿಗೆ ತರಲು ಹೋದ ದಿನ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ರಿಜಿಸ್ಟರ್ ನೋಡಿ ನಕ್ಕರು. "ನಮ್ಮ ಮನೆ ಕೋವಿಗೆ ಲೈಸೆನ್ಸ್ ಬೇಡ, ನಿಮ್ಮ ಆಟದ ಸಾಮಾನಿಗೆ ಸಹಿ ಬೇಕಾ?" ಕೊಡವರಿಗೂ ಕೊಡಗಿನ ಹಳೇ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದಕ್ಕೂ ಒಂದು ಪ್ರಮಾಣಪತ್ರ ಬೇಕಲ್ವಾ ಮಾವ ಅಂದೆ. ಅದೇನೋ ಹೌದು ಅಂತ ಸುಮ್ಮನಾದರು.

ಖರ್ಚು ಒಟ್ಟು 1,200 ರೂಪಾಯಿ: ಕಾರ್ಡಿಗೆ 600, ಕ್ಲೀನಿಂಗಿಗೆ 350, ಡಿಸ್ಕ್ ಕಾಪಿಗೆ ತಲಾ 50. ಬಿಲ್ ಕೇಳಿದರೆ ತಲೆ ಕೆರೆದುಕೊಂಡ. ಗಿರಾಕಿಯ ಆಧಾರ್ ನೋಡುವವನ ಹತ್ತಿರ ಬಿಲ್ ಪುಸ್ತಕ ಇಲ್ಲ! ಇದಕ್ಕೆ ಒಂದು ಸ್ಟಾರ್ ಕಡಿಮೆ, ತಡವಾಗಿದ್ದಕ್ಕೆ ಅರ್ಧ.

ಪೆನ್‌ಡ್ರೈವಿನಿಂದ ಆಟ ಹೇಗೆ ಓಡುತ್ತದೆ? ಆಟ ಸರಿಯಾಗಿದೆ, ವಿಡಿಯೋ ಮುಗ್ಗರಿಸುತ್ತದೆ. ಪೆಟ್ಟಿಗೆಯ ಯುಎಸ್‌ಬಿ ಹಳೇ 1.1, ಅದರ ಗಂಟಲು ಸಣ್ಣದು. ಇದನ್ನು ಹುಡುಗ ಮೊದಲೇ ಹೇಳಿದ್ದ, ಹಾಗಾಗಿ ದೂರಿಲ್ಲ.

ಅಕ್ಕನ ಮಗ ದುಬೈಯಿಂದ ತಂದ ನಿಂಟೆಂಡೊ ಸ್ವಿಚ್ ಅನ್ನುವ ಹೊಸ ಗೇಮ್ ಪೆಟ್ಟಿಗೆ ಹಿಡಿದುಕೊಂಡು ನನ್ನ ಜೊತೆ ಬಂದಿದ್ದ. ಇದಕ್ಕೂ ಏನಾದರೂ ಮಾಡಿಕೊಡಿ ಅಂದ. ಹುಡುಗ ಅದನ್ನು ಮುಟ್ಟಲೇ ಇಲ್ಲ. ಕಾನೂನು ಒಂದು, ಕಂಪನಿಯ ಷರತ್ತು ಇನ್ನೊಂದು. ಅಮೆರಿಕದ ಗ್ರಾಹಕರ ಒಪ್ಪಂದವನ್ನು ನಿಂಟೆಂಡೊ 2025ರ ಮೇ ತಿಂಗಳಲ್ಲಿ ಬದಲಿಸಿದೆ. ಷರತ್ತು ಮುರಿದರೆ ಪೆಟ್ಟಿಗೆಯನ್ನೇ ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಮಾಡಬಹುದು ಅಂತ ಸೇರಿಸಿದೆ. "ನನ್ನ ಹಳೇ ಪೆಟ್ಟಿಗೆಗೆ ಇಂಟರ್ನೆಟ್ ಜೋಡಿಸಿಯೇ ಇಲ್ಲ, ನಿಂದು ದಿನಾ ಕಂಪನಿಗೆ ವರದಿ ಒಪ್ಪಿಸುತ್ತೆ" ಅಂತ ನಾನೇ ಸಮಾಧಾನ ಹೇಳಿದೆ. ಅಳಿಯ ಕುಶಾಲನಗರದಿಂದ ಸುಂಟಿಕೊಪ್ಪದವರೆಗೆ ಮಾತಾಡಲಿಲ್ಲ.

ಹೋಗುವವರು ಆಧಾರ್ ತಗೊಂಡು ಹೋಗಿ, ಡಿಸ್ಕಿನ ಡಬ್ಬಿಗಳನ್ನೂ ಬಿಡಬೇಡಿ. ಭಾನುವಾರ ರಜಾ. ಮಳೆ ಜೋರಾಗಿದ್ದರೆ ಮೆಟ್ಟಿಲು ಜಾರುತ್ತದೆ, ಗೋಡೆ ಹಿಡಿದು ಹತ್ತಿ.