ಮನೆಯ ಹಿರಿಯರಿಗೆ ಮಾತಾಡುವ ಸಾಧನ: ಸ್ಪೀಕರೋ, ಸ್ಮಾರ್ಟ್‌ಫೋನೋ, ಕೀಪ್ಯಾಡ್ ಫೋನೋ?

ಮೊದಲು ಭಾಷೆ ನೋಡಿ, ಬೆಲೆ ಆಮೇಲೆ.

ಅಮೆಜಾನಿನ ದನಿ ಸಹಾಯಕ ಅಲೆಕ್ಸಾ ಇರುವ ಸ್ಪೀಕರ್ ಭಾರತಕ್ಕೆ ಬಂದದ್ದು 2017ರಲ್ಲಿ. 2019ರಲ್ಲಿ ಹಿಂದಿ ಸೇರಿತು. ಕನ್ನಡ ಹಾಡು ಹಾಕುತ್ತದೆ, ಆದರೆ ಅದಕ್ಕೆ ಹೇಳಬೇಕಾದದ್ದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ಆ ಭಾಷೆ ಬರುವವರಿಗೆ, ಅದರಲ್ಲೂ ಕಣ್ಣು ಮಂಜಾದವರಿಗೆ, ಇದಕ್ಕಿಂತ ಸುಲಭದ್ದಿಲ್ಲ: ಕೋಣೆಯ ಆ ಮೂಲೆಯಿಂದ ಕೂಗಿದರೂ ಕೇಳಿಸಿಕೊಳ್ಳುತ್ತದೆ. ತೊಂದರೆ ಪಟ್ಟಿಯದ್ದು. ಪರದೆಯಿಲ್ಲದ ಯಂತ್ರ ಐದು ಆಯ್ಕೆ ಓದಿ ಮುಗಿಸುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಸ್ಮಾರ್ಟ್‌ಫೋನಿನ ಬಲ ಇಲ್ಲೇ. ಹವಾಮಾನ ಕೇಳಿದರೆ ಒಂದು ಸಾಲು ಹೇಳಿ, ಉಳಿದದ್ದನ್ನು ಪರದೆಯಲ್ಲಿ ತೋರಿಸಬಲ್ಲದು. ಕಿವಿ ಮಂದವಾದವರು ಓದಿಕೊಳ್ಳಬಹುದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಆಂಡ್ರಾಯ್ಡ್‌ನಲ್ಲಿ ಗೂಗಲ್ ಅಸಿಸ್ಟೆಂಟ್‌ಗೆ ಕನ್ನಡ ಬರುತ್ತದೆ. ಗೂಗಲಿನದೇ, ಎದುರು ಕೂತವರಂತೆ ಮಾತುಕತೆ ನಡೆಸುವ ಜೆಮಿನಿ ಲೈವ್‌ಗೂ 2024ರಲ್ಲಿ ಕನ್ನಡ ಸೇರಿತು. ಹಳ್ಳಿಯ ಆಡುಮಾತು, ನಡುವೆ ತಡೆದು ಮಾತಾಡುವುದು, ಇವಕ್ಕೆ ಇನ್ನೂ ತಡವರಿಸುತ್ತವೆ. ಹಾಗಾಗಿ ಕೊಳ್ಳುವ ಮೊದಲು ಹಿರಿಯರ ದನಿಯಲ್ಲೇ ಪರೀಕ್ಷಿಸಿ, ನಿಮ್ಮ ದನಿಯಲ್ಲಲ್ಲ.

ಕೀಪ್ಯಾಡ್ ಫೋನು? ‘ಒಂದನ್ನು ಒತ್ತಿ’ ಅನ್ನುವ ಐವಿಆರ್ (ಕರೆ ಮಾಡಿದಾಗ ಕೇಳಿಸುವ ಮುದ್ರಿತ ದನಿ) ನಿಧಾನ, ಆದರೆ ಇಂಟರ್ನೆಟ್ ಬೇಡ. 2022ರಲ್ಲಿ ಬಂದ ಯುಪಿಐ 123ಪೇ ಇದರಲ್ಲೇ ಹಣ ಕಳಿಸುತ್ತದೆ.

ಬಹುತೇಕ ಕನ್ನಡ ಮನೆಗಳಿಗೆ ನನ್ನ ಮತ ಸ್ಮಾರ್ಟ್‌ಫೋನಿಗೆ. ಸ್ಪರ್ಶಪರದೆ ಕಂಡರೇ ಹೆದರುವವರ ಕೈಯಿಂದ ಹಳೆಯ ಕೀಪ್ಯಾಡ್ ಕಿತ್ತುಕೊಳ್ಳಬೇಡಿ.